ಐಸ್ ತಾತನ ಆಲೂಗಡ್ಡೆ

ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಐಸ್ ತಾತ ಎಂದೇ. ಮೀಸೆ ಚಿಗುರುವ ವಯಸ್ಸಿಗೆ ಐಸ್ ಫ್ಯಾಕ್ಟರಿ ಸೇರಿ, ಮೀಸೆ ಪೂರ್ತಿ ಬೆಳ್ಳಗಾದ ಮೇಲೆ ಹೊರಗೆ ಬಂದವನು. ಆಳುದ್ದದ ಐಸಿನ ಗಡ್ಡೆಗಳನ್ನು ಕೊಕ್ಕೆ ಹಾಕಿ ಎಳೆದೂ ಎಳೆದೂ ಅವನ ಬೆರಳುಗಳು ಮರಗಟ್ಟಿದ್ದವು. ನಾಲಿಗೆ ಮಾತ್ರ ಏನೂ ಆಗದೆ ಉಳಿದಿತ್ತು. ಲೋಕದ ಯಾವ ಮಾತು ಬಂದರೂ ಅದನ್ನು ತಿರುಗಿಸಿ ತಿರುಗಿಸಿ ಫ್ಯಾಕ್ಟರಿಯ ಗೇಟಿಗೆ ತಂದು ನಿಲ್ಲಿಸುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಗ ಲಾರಿ ಡ್ರೈವರ್, ಮನೆಗಿಂತ ರಸ್ತೆಯ ಮೇಲೇ ಹೆಚ್ಚು. ಮನೆ ನಡೆಯುತ್ತಿದ್ದುದು ಸೊಸೆಯಿಂದ. ಅವಳು ಆಸ್ಪತ್ರೆಯಲ್ಲಿ ನರ್ಸ್.

ಆ ಸೊಸೆಗೆ ಒಂದು ಸಂಜೆ ಮೇಟ್ರನ್ ಫೋನ್ ಮಾಡಿದರು. ಮಕ್ಕಳ ವಾರ್ಡಿಗೆ ಹೆಡ್ ನರ್ಸ್ ಆಗುತ್ತೀಯಾ ಎಂದು ಕೇಳಿದರು. ಕಲಿಯುವ ಕಾಲದಿಂದಲೂ ಅವಳು ಆಸೆಪಟ್ಟ ಕೆಲಸ ಅದು. ಆದರೆ ಮಧ್ಯಾಹ್ನ ಹೋದರೆ ರಾತ್ರಿ ಊಟದ ಹೊತ್ತು ಮೀರಿದ ಮೇಲೇ ಮನೆಗೆ. ತಾತ ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದವನು ಕಿವಿಯನ್ನೆಲ್ಲ ಇತ್ತ ಕೊಟ್ಟಿದ್ದ.

"ಆಗಲ್ಲ ಅನ್ಸುತ್ತೆ ಮೇಡಂ," ಎಂದಳು ಸೊಸೆ. "ಮನೇಲಿ ಮಾವ ಇದ್ದಾರೆ, ಇಬ್ಬರು ಮಕ್ಕಳಿದ್ದಾರೆ. ಅವರಿಗೆಲ್ಲ ಊಟಕ್ಕೆ ಯಾರು ಮಾಡ್ತಾರೆ?"

ಮೇಟ್ರನ್ ಒಳ್ಳೆಯವರು, ಮುಂದಿನ ಶುಕ್ರವಾರದ ತನಕ ಯೋಚನೆ ಮಾಡು ಎಂದರು. ಸೊಸೆ ಏನೂ ಆಗದವಳಂತೆ ಅಡುಗೆಮನೆಗೆ ಹೋದಳು. ತಾತನಿಗೆ ಮಾತ್ರ ಎದೆಗೆ ಒದ್ದಂತಾಗಿತ್ತು. ಇಡೀ ಊರಿಗೆ ಐಸ್ ಮಾಡಿ ಕೊಟ್ಟವನನ್ನು, ಮೂಗು ಸೋರುವ ಎರಡು ಪಿಳ್ಳೆಗಳ ಸಾಲಿನಲ್ಲಿ ಕೂರಿಸಿಬಿಟ್ಟಳಲ್ಲ! ಸಿಟ್ಟು ಬಂತು. ಆಮೇಲೆ, ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ನಾಚಿಕೆಯೂ ಬಂತು. ತನ್ನ ಹೊಟ್ಟೆಯ ದೆಸೆಯಿಂದ ಆ ಹುಡುಗಿಯ ಕೈಗೆ ಬಂದದ್ದು ಬಾಯಿಗೆ ಬರದೆ ಹೋಗಬಾರದು ಎಂದು ಅಂದೇ ಗಟ್ಟಿ ಮಾಡಿಕೊಂಡ.

ಮೊಮ್ಮಕ್ಕಳು ತಕರಾರಿಲ್ಲದೆ ತಿನ್ನುತ್ತಿದ್ದುದು ಆಲೂಗಡ್ಡೆ ಒಂದನ್ನೇ. ಆದರೆ ತಾತನ ಆ ಮರಗಟ್ಟಿದ ಬೆರಳುಗಳಲ್ಲಿ ಸಂಜೆ ಸಿಪ್ಪೆ ಸುಲಿಯಲು ಕೂತರೆ ಮಕ್ಕಳು ಹಸಿದು ಮಲಗುವುದೇ ಸೈ. ಬೆಳಗ್ಗೆ ಬೇಕಾದಷ್ಟು ಹೊತ್ತಿತ್ತು. ಹೊಸ ಫ್ರಿಜ್ಜಿನ ಮೇಲ್ಖಾನೆ ಖಾಲಿ ಬಿದ್ದಿತ್ತು. ಬೆಳಗ್ಗೆಯೇ ಹೆಚ್ಚಿ ಹೆಪ್ಪುಗಟ್ಟಿಸಿಟ್ಟರೆ ಸಂಜೆ ತೆಗೆದು ಬಾಣಲೆಗೆ ಹಾಕಿದರಾಯಿತು. ಹೆಪ್ಪುಗಟ್ಟಿಸುವುದನ್ನು ತನಗೆ ಯಾರಾದರೂ ಹೇಳಿಕೊಡಬೇಕೇ?

ಅಲ್ಲೇ ಎಡವಿದ. ಅವನಿಗೆ ಗೊತ್ತಿದ್ದ ಹೆಪ್ಪು ಒಂದೇ ಬಗೆಯದು: ಡಬ್ಬಿ, ಡಬ್ಬಿಯ ತುಂಬ ನೀರು. ಹಸಿ ಆಲೂಗಡ್ಡೆ ಹೆಚ್ಚಿ ಡಬ್ಬಿಗೆ ಸುರಿದು, ಅಂಚಿನ ತನಕ ನೀರು ಹೊಯ್ದು ಮುಚ್ಚಿಟ್ಟ. ಮಾರನೆಯ ಸಂಜೆ ಹೊರಬಂದದ್ದು ಚೌಕನೆಯ ಕಲ್ಲು. ಒಳ್ಳೇ ಐಸು, ಅದರಲ್ಲಿ ಎರಡು ಮಾತಿಲ್ಲ. ಉಳಿ, ಸುತ್ತಿಗೆ ತಂದು ಒಡೆದ. ಒಂದು ಚೂರು ಬೀರುವಿನ ಕೆಳಗೆ ಹೋಯಿತು, ಇನ್ನೊಂದು ಮೊಮ್ಮಗಳ ಹಣೆಗೆ ತಾಗಿತು. ಕರಗಿ ಉಳಿದದ್ದು ಕಪ್ಪಗೆ, ಮೆತ್ತಗೆ, ನೆನೆದ ರಟ್ಟಿನ ಹಾಗಿತ್ತು. ಮಕ್ಕಳು ಮೂಗು ಮುಚ್ಚಿಕೊಂಡರು. ಡ್ಯೂಟಿಯಿಂದ ಬಂದ ಸೊಸೆ ನೆಲ ಒರೆಸಿ, "ಬಿಡಿ ಮಾವ, ನಾನು ಮಾಡ್ತೀನಿ," ಎಂದಳು. ಬೈದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಪಕ್ಕದ ಬೀದಿಯಲ್ಲಿದ್ದ ಅವನ ಅಕ್ಕನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಬಂದು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಗಂಡಸರಿಗೆ ಯಾಕೆ ಈ ಉಸಾಬರಿ, ಸೊಸೆ ಈಗಿರುವ ಕೆಲಸವನ್ನೇ ಮಾಡಿಕೊಂಡಿರಲಿ ಎಂದು ತೀರ್ಪನ್ನೂ ಕೊಟ್ಟು ಹೋದಳು.

ತಾತ ಹಟಮಾರಿ. ಮಾರನೆಯ ದಿನ ಸೊಸೆಯ ಕಣ್ಣು ತಪ್ಪಿಸಿ ಆಸ್ಪತ್ರೆಯ ಕ್ಯಾಂಟೀನಿನ ಹಿಂಬಾಗಿಲಿಗೆ ಹೋದ. ಅಲ್ಲಿನ ಅಡುಗೆಯವನು ಅವನ ಕಾಲದ ಗಿರಾಕಿ, ಬೇಸಿಗೆಯಲ್ಲಿ ಐಸಿಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದವನು. ಕಥೆ ಕೇಳಿ ಅವನೂ ನಕ್ಕ, ಆದರೆ ಹೇಳಿಕೊಟ್ಟ. ಹಸಿಯಾಗಿ ಇಟ್ಟರೆ ಕಪ್ಪಾಗುತ್ತೆ. ಕುದಿಯುವ ನೀರಿಗೆ ಹಾಕಿ, ಬೇಯುವ ಮುಂಚೆಯೇ ತೆಗೆದು, ತಣ್ಣೀರಿಗೆ ಹಾಕು. ಆಮೇಲೆ ಹನಿ ನೀರೂ ಉಳಿಯದ ಹಾಗೆ ಒರೆಸು ಎಂದ.

"ಈ ಕೆಲಸದಲ್ಲಿ ನೀರೇ ನಿನ್ನ ಶತ್ರು ಕಣಯ್ಯ," ಎಂದ ಅಡುಗೆಯವನು.

ಜೀವಮಾನವಿಡೀ ನೀರಿನಿಂದಲೇ ಅನ್ನ ತಿಂದವನಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಆದರೂ ನುಂಗಿಕೊಂಡ. ಮರುದಿನ ಸೊಸೆ ಅತ್ತ ಹೋದದ್ದೇ ತಡ, ಅಡುಗೆಮನೆಯನ್ನೇ ಫ್ಯಾಕ್ಟರಿ ಮಾಡಿದ. ಅವಸರವಿಲ್ಲದೆ ಸುಲಿದ, ಕಿರುಬೆರಳಿನ ಗಾತ್ರಕ್ಕೆ ಹೆಚ್ಚಿದ. ಕುದಿನೀರಿನಿಂದ ತೆಗೆದ ಹೋಳುಗಳನ್ನು ಐಸ್ ನೀರಿಗೆ ಹಾಕಿದ. ಅಲ್ಲಾದರೂ ಐಸಿಗೆ ಒಂದು ಜಾಗ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಹಳೆ ಟವೆಲ್ ಹರಡಿ ಒಂದೊಂದನ್ನೇ ಒರೆಸಿದ. ಅದೂ ಸಾಲದೆಂದು ಟೇಬಲ್ ಫ್ಯಾನ್ ತಂದು ಗಾಳಿ ಹಾಕಿದ. ಮಗುವಿಗೆ ಸ್ನಾನ ಮಾಡಿಸಿದರೂ ಯಾರೂ ಇಷ್ಟು ಒರೆಸುವುದಿಲ್ಲ. ಒಂದಕ್ಕೊಂದು ತಾಗದ ಹಾಗೆ ತಟ್ಟೆಯ ಮೇಲೆ ಜೋಡಿಸಿ ಮೇಲ್ಖಾನೆಗಿಟ್ಟ. ಗಟ್ಟಿಯಾದ ಮೇಲೆ ಒಂದು ಹೊತ್ತಿಗಾಗುವಷ್ಟನ್ನು ಒಂದೊಂದು ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು ಕಟ್ಟಿದ. ಚೀಲ ಅಲ್ಲಾಡಿಸಿದರೆ ಗಲಗಲ ಸದ್ದು. ಆ ಸದ್ದಿಗೆ ಮುದುಕನ ಮುಖ ಅರಳಿತು. ಯಾರಿಗೂ ಹೇಳಲಿಲ್ಲ, ಅವನ ಬಾಯಿಗೆ ಅದು ಸಣ್ಣ ಶಿಕ್ಷೆಯೇನಲ್ಲ.

ಶುಕ್ರವಾರ ಬಂತು. ರಾತ್ರಿಯೊಳಗೆ ಸೊಸೆ ಮೇಟ್ರನ್ನರಿಗೆ ಉತ್ತರ ಹೇಳಬೇಕು. ಅಂದೇ ಅವಳ ಬದಲಿಗೆ ಬರಬೇಕಾದ ನರ್ಸ್ ತಡವಾಗಿ ಬಂದಳು. ಕತ್ತಲಾದರೂ ಸೊಸೆಯ ಸುಳಿವಿಲ್ಲ. ಮಕ್ಕಳು ಹಸಿವು ಎಂದು ರಾಗ ತೆಗೆದರು. ಅಷ್ಟರಲ್ಲಿ ಅಕ್ಕ ಬಂದಳು, ಈ ಮನೆಯಲ್ಲಿ ಎಲ್ಲರೂ ಉಪವಾಸ ಬಿದ್ದಿರುತ್ತಾರೆಂದು ತುಂಬಿದ ಪಾತ್ರೆಯನ್ನೂ ಹೊತ್ತು ತಂದಿದ್ದಳು. ತಾತ ಆ ಪಾತ್ರೆಯನ್ನು ಮುಚ್ಚಳ ತೆಗೆಯದೆ ಬದಿಗಿಟ್ಟ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಚೀಲ ಹೊರತೆಗೆದ.

"ಐಸ್ ಬಿಡಲಿ ತಡಿಯೋ, ಮತ್ತೆ ಮುದ್ದೆ ಮಾಡ್ತೀಯಾ!" ಎಂದಳು ಅಕ್ಕ.

"ಬಿಟ್ಟರೇ ಮುದ್ದೆಯಾಗೋದು, ಅಕ್ಕ. ನೀನು ಸುಮ್ನೆ ಕೂತ್ಕೋ," ಎಂದು ಚೀಲ ಬೋರಲು ಹಾಕಿದ.

ಚುಂಯ್ ಎಂದಿತು. ಬೆಳ್ಳಗಿದ್ದ ಹೋಳುಗಳು ಹಳದಿಯಾದವು, ಹಳದಿಯಾದವು ಹೊಂಬಣ್ಣಕ್ಕೆ ತಿರುಗಿದವು. ಒಂದೂ ಕಪ್ಪಾಗಲಿಲ್ಲ, ಒಂದೂ ಮೆತ್ತಗಾಗಲಿಲ್ಲ. ಉಪ್ಪು, ಮೆಣಸು ಉದುರಿಸಿ, ಮೊಟ್ಟೆ ಒಡೆದು ಹಾಕಿದ. ಮಕ್ಕಳು ತಟ್ಟೆ ನೆಕ್ಕಿದರು. ಅಕ್ಕ ರುಚಿ ನೋಡುತ್ತೇನೆಂದು ಒಂದು ಹೋಳು ತೆಗೆದುಕೊಂಡಳು, ಆಮೇಲೆ ತಟ್ಟೆಯನ್ನೇ ಮುಂದಕ್ಕೆ ಒಡ್ಡಿದಳು.

ಸೊಸೆ ಏದುಸಿರು ಬಿಡುತ್ತ ಓಡಿ ಬಂದಳು. ತಡವಾಯಿತು, ಈಗಲೇ ಒಲೆ ಹಚ್ಚುತ್ತೇನೆ ಎನ್ನುತ್ತಲೇ ಅಡುಗೆಮನೆಗೆ ನುಗ್ಗಿದವಳು ಅಲ್ಲೇ ನಿಂತಳು. ಪಾತ್ರೆಗಳು ತೊಳೆದು ಬೋರಲಾಗಿದ್ದವು. ಒಲೆಯ ಪಕ್ಕ ಅವಳ ಪಾಲು ಬಿಸಿಯಾಗಿ ಮುಚ್ಚಿಟ್ಟಿತ್ತು. ತಾತ ಮೇಲ್ಖಾನೆಯ ಬಾಗಿಲು ತೆರೆದು ತೋರಿಸಿದ. ಚೀಲದ ಮೇಲೆ ಚೀಲ, ಒಂದು ವಾರದ ರಾತ್ರಿಗಳಷ್ಟೂ ಅಲ್ಲಿದ್ದವು.

ಅವಳು ಸಮವಸ್ತ್ರ ಬದಲಿಸದೆ, ನಿಂತಲ್ಲೇ ತಿಂದಳು. ಕಣ್ಣು ತುಂಬಿಕೊಂಡಿತ್ತು, ಮುಖ ನಗುತ್ತಿತ್ತು. ಕೈ ತೊಳೆದು ಫೋನ್ ತೆಗೆದಳು. ತಾತ ಪೇಪರ್ ಹಿಡಿಯುವ ನಾಟಕವನ್ನೂ ಆಡದೆ, ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

"ಬರ್ತೀನಿ ಮೇಡಂ. ಇಲ್ಲ, ಊಟದ್ದೇನೂ ತೊಂದರೆ ಇಲ್ಲ," ಎಂದಳು ಸೊಸೆ. "ಮನೇಲಿ ಮಾವ ಇದ್ದಾರೆ."