ಮೂವತ್ತೇಳು ಪೈನ್ ಸಸಿಗಳ ಸಾಲು

1954ರಲ್ಲಿ, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗ, ನಾನು ಕೊಡ್ಲಿಪೇಟೆ ಕಡೆಯ ಅರಣ್ಯ ವಲಯದಲ್ಲಿ ರೇಂಜರ್ ಆಗಿದ್ದೆ. ಅಲ್ಲಿನ ಒಂದು ಹುಲ್ಲುಗುಡ್ಡದ ಎರಡು ಎಕರೆಯಲ್ಲಿ ಪೈನ್ ಬೆಳೆಸಿ ನೋಡುವ ಕೆಲಸ ನನಗೆ ಬಂತು. ಸಾಲಿಗೆ ಮೂವತ್ತೇಳರಂತೆ ಮೂವತ್ತೇಳು ಸಾಲು, ಸಸಿಯಿಂದ ಸಸಿಗೆ ಎಂಟು ಅಡಿ.

ನೆಲ ಸಿದ್ಧಪಡಿಸುವ ಕ್ರಮವನ್ನು ಮೇಲಿನ ಕಚೇರಿ ಬರೆದು ಕಳಿಸಿತ್ತು. ಪ್ರತಿ ಸಸಿಯ ಸುತ್ತ ಹುಲ್ಲನ್ನು ಬೇರುಸಹಿತ ತೆಗೆಯಬೇಕು, ಮಣ್ಣನ್ನು ಆಳಕ್ಕೆ ಸಡಿಲಿಸಬೇಕು, ಆ ಮಣ್ಣನ್ನು ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ಗುಪ್ಪೆ ಮಾಡಿ ಅದರ ನೆತ್ತಿಯಲ್ಲಿ ಸಸಿ ನೆಡಬೇಕು. ಓದಿ ಮಡಚಿಟ್ಟೆ. ನಾನು ದಕ್ಷಿಣ ಕೊಡಗಿನ ಬಾಳೆಲೆ ಎಂಬ ಊರಿನ ಕಾಫಿ ತೋಟದಲ್ಲಿ ಹುಟ್ಟಿ ಬೆಳೆದವನು. ಗುಂಡಿ ತೆಗೆಸುವುದನ್ನು ಕಾಗದ ನೋಡಿ ಕಲಿಯಬೇಕೆ ಎನ್ನಿಸಿತು. ಒಂದೂವರೆ ಅಡಿಯ ಕಾಫಿ ಗುಂಡಿ ತೆಗೆದು, ಮೇಲ್ಮಣ್ಣು ತುಂಬಿ, ತರಗೆಲೆ ನಿಲ್ಲುವಂತೆ ಬುಡವನ್ನು ತಟ್ಟೆಯ ಹಾಗೆ ತಗ್ಗಾಗಿ ಬಿಡಲು ಹೇಳಿದೆ.

ಕೆಲಸ ಮಾಡಿಸುತ್ತಿದ್ದವನು ಮೇಸ್ತ್ರಿ ಸಣ್ಣಯ್ಯ. ಹದಿನೈದು ವರ್ಷದಿಂದ ಹಂಗಾಮಿ. ಪೈನ್ ಬೇರು ಹಿಡಿದರೆ ಅವನನ್ನು ಖಾಯಂ ಮಾಡಲು ಶಿಫಾರಸು ಮಾಡುತ್ತೇನೆಂದು ಮಾತು ಕೊಟ್ಟಿದ್ದೆ. ಪತ್ರವೂ ಬರೆದಾಗಿತ್ತು, ರುಜು ಮಾತ್ರ ಬಾಕಿ.

ಅವನು ಹಾರೆಯ ತುದಿಗೆ ಅಂಟಿದ್ದ ಮಣ್ಣನ್ನು ಬೆರಳಲ್ಲಿ ಉಜ್ಜಿ ತೋರಿಸಿದ. "ಅಡೀಲಿ ಜಿಗಟು ಐತೆ ಸ್ವಾಮಿ. ನೀರು ಇಳಿಯಾಕಿಲ್ಲ. ತಗ್ಗು ಬಿಟ್ರೆ ಗಿಡ ಕೊಳೀತದೆ."

"ನಾನು ಹೇಳಿದ್ದು ಮಾಡು," ಎಂದೆ.

ಹುಲ್ಲು ಕೀಳುತ್ತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, ನನಗೆ ಕೇಳಿಸುವಷ್ಟೇ ಮೆಲ್ಲಗೆ, "ಅಯ್ನೋರ್ಗೆ ಕಾಫಿ ಗಿಡ ಬಿಟ್ರೆ ಬ್ಯಾರೆ ಮರಾನೇ ಗೊತ್ತಿಲ್ಲ ಕಣವ್ವ," ಅಂದಳು. ಇಬ್ಬರೂ ನಕ್ಕರು. ಸಣ್ಣಯ್ಯ ನಗಲಿಲ್ಲ.

ಜೂನ್‌ನಲ್ಲಿ ನೆಡುವಾಗ ನೋಡಿದರೆ, ನೀರು ಹೆಚ್ಚು ನಿಲ್ಲುವ ಕೆಳಗಿನ ಕೊನೆಯ ಸಾಲಿನಲ್ಲಿ ಗುಂಡಿಗಳೇ ಇರಲಿಲ್ಲ, ಗುಪ್ಪೆಗಳಿದ್ದವು. ಗದರಿಸಿದೆ.

"ಇದೊಂದು ಸಾಲು ನಂದು ಅಂತ ಇರ್ಲಿ ಸ್ವಾಮಿ. ಸತ್ರೆ ನಾನೇ ಕಿತ್ತು ಗುಂಡಿ ತೋಡ್ತೀನಿ."

ಮಳೆ ಶುರುವಾಗಿತ್ತು, ಬಿಟ್ಟುಬಿಟ್ಟೆ.

ಆ ಮುಂಗಾರಿನಲ್ಲಿ ನನ್ನ ತಟ್ಟೆಗಳೆಲ್ಲ ತುಂಬಿ ನಿಂತವು. ಆಗಸ್ಟ್ ಹೊತ್ತಿಗೆ ಸೂಜಿ ಎಲೆಗಳು ಹಳದಿಯಾದವು. ಎಳೆದರೆ ಸಸಿ ಕೈಗೇ ಬರುತ್ತಿತ್ತು, ಬೇರು ಕಪ್ಪಾಗಿರುತ್ತಿತ್ತು. ಅಕ್ಟೋಬರ್‌ನಲ್ಲಿ ಎಣಿಸಿದಾಗ ಮೂವತ್ತಾರು ಸಾಲುಗಳಲ್ಲಿ ಉಳಿದದ್ದು ನೂರಕ್ಕೂ ಕಡಿಮೆ. ಸಣ್ಣಯ್ಯನ ಸಾಲಿನಲ್ಲಿ ಮೂವತ್ತೇಳರಲ್ಲಿ ಮೂವತ್ತೊಂದು ಹಸಿರಾಗಿದ್ದವು.

ತಪಾಸಣೆಗೆ ಮೇಲಧಿಕಾರಿ ಬಂದರು. ಮೇಲಿನಿಂದ ಕೆಳಗಿನವರೆಗೆ ನಡೆದು, ಕೊನೆಯ ಸಾಲಿನ ಮುಂದೆ ನಿಂತರು.

"ಇದನ್ನು ಮಾಡಿಸಿದ್ದು ಯಾರು?"

"ನಾನೇ ಸರ್," ಎಂದೆ.

"ಮತ್ತೆ ಮೇಲಿನ ಆ ಸಾಲುಗಳು?"

"ಮೇಸ್ತ್ರಿ ಕಾಫಿ ತೋಟದ ರೂಢಿಯವನು ಸರ್. ನಾನು ಬರುವಷ್ಟರಲ್ಲಿ ಗುಂಡಿ ತೆಗೆಸಿಬಿಟ್ಟಿದ್ದ."

ಸಣ್ಣಯ್ಯ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಅಧಿಕಾರಿ ಅವನತ್ತ ತಿರುಗಿ, "ಹೌದೇನಯ್ಯಾ?" ಎಂದರು. ಅವನು ನನ್ನ ಮುಖ ನೋಡಿದ. ನಾನು ಸಸಿಗಳನ್ನು ನೋಡುತ್ತಿದ್ದೆ. ಅವನ ಮೌನವನ್ನೇ ಅಧಿಕಾರಿ ಒಪ್ಪಿಗೆಯೆಂದು ಬರೆದುಕೊಂಡರು. ವಾರದೊಳಗೆ ಅವನನ್ನು ಕೆಲಸದಿಂದ ತೆಗೆಯುವ ಆದೇಶ ಬಂತು. ಅದನ್ನು ಕೈಗೆ ಕೊಡಬೇಕಾದವನು ನಾನೇ.

ಸಣ್ಣಯ್ಯನಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳಿದೆ. ಕಾಗದವನ್ನು ಮಡಚಿ ಟವೆಲಿನ ಅಂಚಿಗೆ ಕಟ್ಟಿಕೊಂಡು, "ಆ ಒಂದು ಸಾಲೂ ನಿಮ್ದೇ ಆಗೋಯ್ತಲ್ಲ ಸ್ವಾಮಿ," ಅಂದ. ಹಾರೆಯನ್ನು ಗೋಡೆಗೆ ಒರಗಿಸಿಟ್ಟು ಹೋದ.

ಮರುವರ್ಷ ಅದೇ ಗುಡ್ಡದಲ್ಲಿ ಎಲ್ಲ ಸಾಲಿಗೂ ಗುಪ್ಪೆ ಹಾಕಿಸಿದೆ. ಸಸಿಗಳು ಹಿಡಿದವು, ನನಗೆ ಮೆಚ್ಚುಗೆಯ ಪತ್ರ ಬಂತು. ಎಳೆಯ ಪೈನ್‌ನ ಬುಡದಲ್ಲಿ ನೀರು ನಿಲ್ಲಬಾರದೆಂಬ ಪಾಠ ಹೀಗೆ ಕಲಿತೆ. ಆಮೇಲಿನ ಸೇವೆಯಲ್ಲಿ ಎಲ್ಲಿ ನೆಡಿಸಿದರೂ, ಯಾವ ಸಾಲನ್ನು ಯಾರ ಮಾತಿನಂತೆ ಮಾಡಿದ್ದೆಂದು ಫೀಲ್ಡ್ ಬುಕ್ಕಿನಲ್ಲಿ ಮೊದಲೇ ಬರೆದಿಡುತ್ತಿದ್ದೆ. ಕಿರಿಯರು ಅದನ್ನು ನನ್ನ ಶಿಸ್ತು ಎನ್ನುತ್ತಿದ್ದರು. ತಪ್ಪು ಸಣ್ಣಯ್ಯನದೆಂದು ದಾಖಲಾಗಿದ್ದ ಆ ಮೊದಲ ವರ್ಷದ ಕಡತವನ್ನು ಮಾತ್ರ ನಾನು ತಿದ್ದಲಿಲ್ಲ. ನಾನು ಅಲ್ಲಿದ್ದ ಮುಂದಿನ ಎರಡು ವರ್ಷವೂ ಅದು ನನ್ನ ಮೇಜಿನ ಬಲಗಡೆಯ ಡ್ರಾಯರಿನಲ್ಲೇ ಇತ್ತು, ರುಜುವಿಲ್ಲದ ಆ ಶಿಫಾರಸು ಪತ್ರದ ಜೊತೆಗೆ.