ಮೊದಲು ಹತ್ತಿಕೊಂಡ ಮನೆ

ಫಾಲ್ಮತ್ ಬಂದರಿನಲ್ಲಿ ಎನಾಕ್ ಟಿಲ್ಟನ್ ಹೊಲಿದ ತೊಗಲ ಬಕೆಟ್ ಇಲ್ಲದ ಮನೆಯೇ ಇರಲಿಲ್ಲ. ಊರಿನ ಕಟ್ಟಳೆಯಂತೆ ಮನೆಗೆ ಎರಡು, ಬಾಗಿಲ ಪಕ್ಕ ತೂಗುಹಾಕಿರಬೇಕು, ಮೇಲೆ ಯಜಮಾನನ ಹೆಸರಿರಬೇಕು. ಗಂಟೆ ಬಾರಿಸಿತೋ, ಬಕೆಟ್ ಹಿಡಿದು ಮೊದಲು ಹತ್ತಿಕೊಂಡ ಮನೆಗೆ ಓಡಬೇಕು; ಬಾವಿಯಿಂದ ಬೆಂಕಿಯವರೆಗೆ ಸಾಲುಗಟ್ಟಿ ನೀರು ದಾಟಿಸಬೇಕು. ಯಾರ ಮನೆ ಎಂದು ಕೇಳುವಂತಿಲ್ಲ. ಮೂವತ್ತು ವರ್ಷದಲ್ಲಿ ಎನಾಕ್ ಒಮ್ಮೆಯೂ ಕೇಳಿದವನಲ್ಲ. ಮಗಳ ಮದುವೆಯ ಊಟ ಬಿಟ್ಟು ಓಡಿದ್ದ, ಪುಣ್ಯಾತ್ಮ.

“ಮನೆಗೆ ಮಾರಿ, ಪರರಿಗೆ ಉಪಕಾರಿ,” ಎಂದು ಹೆಂಡತಿ ಡಾರ್ಕಸ್ ಆವತ್ತಿನಿಂದಲೂ ಆಡಿಕೊಳ್ಳುತ್ತಿದ್ದಳು.

ಆ ಅಕ್ಟೋಬರಿನಲ್ಲಿ ಕಡಲಾಚೆಯಿಂದ ಊರನ್ನಾಳುತ್ತಿದ್ದ ಇಂಗ್ಲೆಂಡಿನ ರಾಜನ ಹಡಗುಗಳು ಬಂದು ಲಂಗರು ಹಾಕಿದವು. ರಾಜನಿಗೆ ತಿರುಗಿಬಿದ್ದ ಊರನ್ನು ಬೆಳಿಗ್ಗೆ ಸುಡುತ್ತೇವೆ, ಹೆಂಗಸರು ಮಕ್ಕಳನ್ನು ಸಾಗಿಸಿಕೊಳ್ಳಿ ಎಂದು ಹೇಳಿಕಳಿಸಿದರು. ಸುಡುವವರ ಮರ್ಯಾದೆ ನೋಡಿ!

ಡಾರ್ಕಸ್‌ಗೆ ಸೊಂಟ ಹಿಡಿದು ನಡೆಯಲಾಗುತ್ತಿರಲಿಲ್ಲ. ಅವಳ ಅಣ್ಣ ಸೈಲಸ್ ಎತ್ತಿನ ಗಾಡಿ ತಂದ. ಅವಳೂ ಹಾಸಿಗೆಯೂ ಏರಿದ ಮೇಲೆ ಗಾಡಿಯಲ್ಲಿ ಜಾಗವಿರಲಿಲ್ಲ. ಚಳಿಗಾಲಕ್ಕೆಂದು ಉಪ್ಪು ಹಾಕಿಟ್ಟ ಹಂದಿಮಾಂಸದ ಪೀಪಾಯಿ, ಜೋಳದ ಹಿಟ್ಟು, ಒಣ ಅವರೆ ಎಲ್ಲ ಒಳಗೇ ಉಳಿದವು.

“ಮಧ್ಯಾಹ್ನಕ್ಕೆ ಗಾಡಿ ವಾಪಸ್ ಬರತ್ತೆ. ಅಲ್ಲೀತನಕ ಛಾವಣಿ ಮೇಲೆ ನೀರು ಹುಯ್ತಾ ಇರ್ರಿ. ಎಲ್ಲಿಗೂ ಹೋಗ್ಬೇಡಿ. ನನ್ನಾಣೆ,” ಎಂದಳು ಡಾರ್ಕಸ್.

“ಎಲ್ಲಿಗೆ ಹೋಗ್ಲಿ ಮಾರಾಯ್ತಿ,” ಎಂದ ಎನಾಕ್.

ಒಂಬತ್ತೂವರೆಗೆ ತೋಪು ಹಾರಿಸತೊಡಗಿದರು. ಎನಾಕ್ ಏಣಿ ಹತ್ತಿ ಮರದ ಹಲಗೆ ಹೊದಿಸಿದ ಛಾವಣಿಯ ಮೇಲೆ ನೀರು ಸುರಿದ, ಇಳಿದ, ಮತ್ತೆ ಹತ್ತಿದ. ಹನ್ನೊಂದರ ಹೊತ್ತಿಗೆ ಕೈ ಸೋತುಹೋಗಿತ್ತು. ಆಗ ಎದುರುಗಡೆ ವ್ಯಾಪಾರಿ ಕ್ರಾಸ್‌ನ ಮನೆಗೆ ಕಾದ ಗುಂಡು ಬಿದ್ದು ಉರಿಯೆದ್ದಿತು. ಬೀದಿಯಲ್ಲಿ ಅದೇ ಮೊದಲು ಹತ್ತಿಕೊಂಡ ಮನೆ.

ಯೋಚಿಸಿದ್ದರೆ ಹೋಗುತ್ತಿರಲಿಲ್ಲವೇನೋ. ಯೋಚಿಸುವ ಅಭ್ಯಾಸವೇ ಇರಲಿಲ್ಲ. ಕಾಲು ತಾನಾಗಿ ಏಣಿ ಇಳಿಯಿತು. ನಲವತ್ತು ಜನ ನಿಲ್ಲಬೇಕಾದ ಬಾವಿಕಟ್ಟೆಗೆ ಬಂದವರು ಅವನೂ ಸೇರಿ ಮೂವರು. ಉಳಿದವರು ಬಕೆಟ್ಟಿನಲ್ಲಿ ಚಮಚ, ಹಿಟ್ಟು, ಕೋಳಿ ತುಂಬಿಕೊಂಡು ಊರಾಚೆ ಓಡುತ್ತಿದ್ದರು. ತಪ್ಪೇನು? ಮೂವರೇ ನೀರು ದಾಟಿಸಿದರು. ಎನಾಕ್ ತಿರುಗಿ ನೋಡಿದಾಗ ತನ್ನದೇ ಮನೆಯ ಛಾವಣಿ ಉರಿದು ಒಳಕ್ಕೆ ಕುಸಿಯುತ್ತಿತ್ತು.

ಗಾಡಿ ತಂದ ಸೈಲಸ್‌ಗೆ ಸಿಕ್ಕಿದ್ದು ಅವನೊಬ್ಬನೇ, ಕೈಯಲ್ಲೊಂದು ಬಕೆಟ್. ಸಾಲಿನಲ್ಲಿ ಅದಲುಬದಲಾಗಿ ಬಂದದ್ದು. ಕ್ರಾಸ್‌ನ ಬಾಗಿಲ ಪಕ್ಕ ತೂಗುತ್ತಿದ್ದದ್ದು; ಅದರ ಮೇಲೆ ಅವನ ಹೆಸರಿತ್ತು.

ಅವರು ಆಸರೆ ಪಡೆದಿದ್ದ ಗೊರಮ್ ಹಳ್ಳಿಯ ಕೊಟ್ಟಿಗೆಯಲ್ಲಿ ಡಾರ್ಕಸ್ ಆ ಹೆಸರನ್ನೇ ನೋಡುತ್ತಾ ಕೂತಳು.

“ಕ್ರಾಸ್ ಮನೇನಾ ಆರಿಸಕ್ಕೆ ಹೋಗಿದ್ರಿ?”

“ಹ್ಞೂಂ.”

“ಅವನು ರಾಜನ ಕಡೆಯವನು ಕಣ್ರೀ. ನಿನ್ನೆ ಸಂಜೇನೇ ಹೆಂಡ್ತಿ ಜೊತೆ ಹಡಗು ಹತ್ಕೊಂಡಿದಾನಂತೆ. ದಾರಿಯಲ್ಲಿ ಎಲ್ರೂ ಅದನ್ನೇ ಹೇಳ್ತಿದ್ರು. ನೀವು ಅವನ ಮನೆಗೆ ನೀರು ಹುಯ್ಯೋದನ್ನ ಅಲ್ಲಿಂದ್ಲೇ ನೋಡಿರ್ತಾನೆ.”

ಅವಳು ನಕ್ಕಳು, ನಗು ಅಳುವಾಯಿತು, ಅಳಲೂ ಆಗದಷ್ಟು ಸುಸ್ತಾಗಿ ಮಲಗಿಬಿಟ್ಟಳು.

ಆ ಚಳಿಗಾಲ ಕಂಡವರ ಹಿಟ್ಟಿನಲ್ಲಿ ಕಳೆಯಬೇಕಾಯಿತು. ಎನಾಕ್ ಸೂಜಿ ಮುಟ್ಟಲಿಲ್ಲ. ಯಾರಾದರೂ ಬಕೆಟ್ ಕೇಳಿದರೆ “ಆಯ್ತು, ಮುಗೀತು” ಎನ್ನುತ್ತಿದ್ದ. ಡಿಸೆಂಬರಿನ ಒಂದು ಬೆಳಿಗ್ಗೆ ಹೊರಗೆ ಕೂಗಾಟವೆದ್ದಿತು. ಊರು ಬಿಟ್ಟು ಬಂದವರು ಹಾಕಿಕೊಂಡಿದ್ದ ಗುಡಿಸಲೊಂದರಿಂದ ಹೊಗೆ ಬರುತ್ತಿತ್ತು.

“ಬೆಂಕಿ ಕಣ್ರೀ!” ಎಂದಳು ಡಾರ್ಕಸ್.

ಎನಾಕ್ ಕೂತಲ್ಲಿಂದ ಏಳಲಿಲ್ಲ.

“ಯಾರ ಮನೆ?” ಎಂದು ಕೇಳಿದ.

ಆ ಮಾತು ಡಾರ್ಕಸ್‌ಗೆ ಸಹಿಸಲಾಗಲಿಲ್ಲ. ಮೂವತ್ತು ವರ್ಷ ಇವನ ಓಟಕ್ಕೆ ಶಾಪ ಹಾಕಿದವಳು ಅವಳೇ; ಆದರೆ ಹೀಗೆ ಕೇಳುವ ಗಂಡನ ಜೊತೆ ಅವಳು ಒಂದು ದಿನವೂ ಬಾಳಿರಲಿಲ್ಲ. ಕೋಲು ಊರಿಕೊಂಡು ಎದ್ದಳು, ಮೊಳೆಯಿಂದ ಕ್ರಾಸ್‌ನ ಬಕೆಟ್ ತೆಗೆದಳು, ಕುಂಟುತ್ತಾ ಬಾಗಿಲು ದಾಟಿದಳು.

“ಜಾರತ್ತೆ ಕಣೇ, ಹಿಮ ಬಿದ್ದಿದೆ,” ಎಂದ ಎನಾಕ್.

ಅವಳು ತಿರುಗಲಿಲ್ಲ. ಅವನು ಮೊಣಕಾಲು ಹಿಡಿದು ನಿಧಾನವಾಗಿ ಎದ್ದು, ಅವಳ ಕೈಯಿಂದ ಬಕೆಟ್ ಇಸಿದುಕೊಳ್ಳಲು ಹೊರಟ.