ಕೂತಲ್ಲೇ ನಡೆಯುವ ದರ್ಜಿ
ಪುಕ್ಕಟೆ ಸಿಕ್ಕಿದ ಆ್ಯಪನ್ನು ಬಿಡುವ ಜಾಯಮಾನ ಬೀದಿ ಮೂಲೆಯ ದರ್ಜಿಯದಲ್ಲ. ನಡಿಗೆಗೊಂದು, ನೀರಿಗೊಂದು, ತೂಕಕ್ಕೊಂದು ಅಂತ ಮೊಬೈಲಿನ ತುಂಬ ಆ್ಯಪುಗಳು. ಒಂದಕ್ಕೊಂದು ಎಣ್ಣೆ ಸೀಗೇಕಾಯಿ. ಮೊಬೈಲನ್ನು ಕಾಲುಚೀಲಕ್ಕೆ ಸಿಕ್ಕಿಸಿಕೊಂಡು ಹೊಲಿಗೆ ಯಂತ್ರ ತುಳಿದರೆ ಒಂದು ಆ್ಯಪು "ಭೇಷ್, ಚೆನ್ನಾಗಿ ನಡೆದಿರಿ" ಎನ್ನುತ್ತದೆ, ಇನ್ನೊಂದು "ಕೂತಿದ್ದು ಸಾಕು, ಏಳಿ" ಎಂದು ಗದರುತ್ತದೆ. ಅವನು ತಬ್ಬಿಬ್ಬಾಗಿ, ಪಕ್ಕದಲ್ಲಿ ಕಾಜ ಹೊಲಿಯುವ ಹೆಂಡತಿಯನ್ನು ಕೇಳುತ್ತಾನೆ: "ಲೇ, ನಾನೀಗ ನಡೀತಿದ್ನಾ, ಕೂತಿದ್ನಾ?" "ನನ್ನ ತಲೆ ತಿಂತಿದ್ರಿ," ಎನ್ನುತ್ತಾಳೆ ಅವಳು. ಅಳತೆ ತೆಗೆಯುವಾಗ ನೀರಿನ ಆ್ಯಪು ಕೂಗಿದರೆ ಮುಗಿಯಿತು, ಟೇಪನ್ನು ಗಿರಾಕಿಯ ಸೊಂಟದಲ್ಲೇ ಬಿಟ್ಟು ಚೊಂಬಿನ ಕಡೆ ಓಡುತ್ತಾನೆ. ಅವನನ್ನು ಬಾಯ್ತುಂಬ ಹೊಗಳುವುದು ಮಾತ್ರ ತೂಕದ ಆ್ಯಪು. ವಾರ ವಾರವೂ ಅವನು ತೂಕ ನೋಡಿಕೊಂಡು ಬರೆದೊಡನೆ ಅದು ಪರದೆಯ ತುಂಬ ಹೂ ಸುರಿಸಿ "ಅಭಿನಂದನೆ, ಮತ್ತೆ ಇಳಿದಿರಿ" ಎನ್ನುತ್ತದೆ. ಇಳಿಯುವುದಕ್ಕೆ ತಾನೇನು ಮಾಡಿದೆ ಎಂಬುದೇ ಅವನಿಗೆ ಅರ್ಥವಾಗುವುದಿಲ್ಲ. ಊಟ ಮೊದಲಿನಷ್ಟೇ ಇದೆ, ಕೆಲಸವೂ ಅಷ್ಟೇ. ಹೂಗಳೆಲ್ಲ ಉದುರಿ ಮುಗಿಯುವವರೆಗೆ ನೋಡುತ್ತಾನೆ. ಆಮೇಲೆ, ಹೆಂಡತಿ ಅತ್ತ ತಿರುಗಿದ್ದಾಗ, ತನ್ನದೇ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚಿ ಇನ್ನೊಂದು ಸಲ ಚಿಕ್ಕದು ಮಾಡಿಕೊಳ್ಳುತ್ತಾನೆ. ಅವನು ಮುಗಿಸುವವರೆಗೂ ಅವಳು ಇತ್ತ ತಿರುಗುವುದಿಲ್ಲ. ಅವಳ ಕೈಯ ಸೂಜಿ ಮಾತ್ರ ಕಾಜದ ಮೇಲೆ ನಿಂತೇ ಇರುತ್ತದೆ.